ಜರ್ಮನಿಯ ಹುಡುಗನಿಗೆ ದಾದಾಪೀರ ಬರೆದ ನಾಲ್ಕು ಸಾಲು

ಸವಣೂರಿನ ದಾದಾಪೀರ ಯಾರ ತಂಟೆಗೂ ಹೋದವನಲ್ಲ. ನಲವತ್ತನಾಲ್ಕು ವರ್ಷದ ಬಾಳಿನಲ್ಲಿ ಅವನ ಮೇಲಿದ್ದ ದೂರು ಒಂದೇ, ನಿದ್ದೆಯಲ್ಲೂ ಕಾಲು ಕುಣಿಸುತ್ತಾನೆ ಎಂಬುದು. ಅದೂ ಹೆಂಡತಿ ತಹಮೀನಾಳದು. ಅಂಥವನು ಹೋದ ವರ್ಷ ನಾಲ್ಕೇ ನಾಲ್ಕು ಸಾಲು ಬರೆದು, ಏಳು ಸಮುದ್ರದ ಆಚೆಗಿದ್ದ ಒಬ್ಬ ಹುಡುಗನ ಕೈಯನ್ನೇ ಕಟ್ಟಿಹಾಕಿಬಿಟ್ಟ. ಬೈದು ಬರೆದಿದ್ದರೆ ಮಾತು ಬೇರೆ. ಬರೆದದ್ದು ಮನಸಾರೆ ಹೊಗಳಿ.

ದಾದಾಪೀರ ಬ್ಯಾಂಡಿನವನು. ತಂದೆ ಹುಸೇನಸಾಬ ಕಟ್ಟಿದ ಬ್ಯಾಂಡ್ ಕಂಪನಿಗೆ ಸವಣೂರು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಳಿಗೆ ಇದೆ. ಗೋಡೆಯ ಮೊಳೆಗಳಿಗೆ ಜರಿಪಟ್ಟಿಯ ಕೆಂಪು ಕೋಟುಗಳು, ಮೂಲೆಯಲ್ಲಿ ಈಗ ಯಾರೂ ಊದದ ಹಿತ್ತಾಳೆಯ ತುತ್ತೂರಿಗಳು. ಹುಸೇನಸಾಬನ ಕಾಲದಲ್ಲಿ ಹದಿನಾಲ್ಕು ಜನ ನಡೆದುಕೊಂಡೇ ಊದುತ್ತ ಬಾರಿಸುತ್ತ ಹೋಗುತ್ತಿದ್ದರು. ಈಗ ಐದು ಜನ, ಒಂದು ಟ್ರ್ಯಾಕ್ಟರ್ ಟ್ರೇಲರ್, ಅದರ ಮೇಲೆ ಕೀಬೋರ್ಡು, ಆಳೆತ್ತರದ ಸ್ಪೀಕರು, ನಡುವೆ ಡ್ರಮ್ ಸೆಟ್ಟಿನ ಹಿಂದೆ ದಾದಾಪೀರ. ದುಂಡಸಿಯಿಂದ ಅಬಲೂರಿನವರೆಗೆ, ಹಾನಗಲ್ಲಿನಿಂದ ಹಿರೇಬೆಂಡಿಗೇರಿಯವರೆಗೆ, ಮದುಮಕ್ಕಳ ಗೆಳೆಯರು ಅಂಗಿಯ ಗುಂಡಿ ಬಿಚ್ಚಿಕೊಂಡು ಕುಣಿದದ್ದೆಲ್ಲ ಅವನ ಏಟಿಗೇ.

ಈ ಕಸುಬಿಗೆ ಇರುವುದು ಒಂದೇ ಕಾನೂನು. ಸಿನಿಮಾದ ಹಾಡು ಸಿನಿಮಾದಲ್ಲಿ ಹೇಗಿದೆಯೋ ಹಾಗೆಯೇ ಬರಬೇಕು. ಹಾಡಿನ ನಡುವೆ ಡ್ರಮ್ಮು ಎಲ್ಲಿ ನಿಲ್ಲುತ್ತದೋ ಅಲ್ಲಿ ಕುಣಿಯುವವರ ಕಾಲೂ ನಿಲ್ಲುತ್ತದೆ. ಬಾರಿಸುವವನು ತನ್ನ ಜಾಣತನ ತೋರಿಸಲು ಹೋದನೋ, ಹತ್ತು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಬೀಗರು ಮುಖ ಗಂಟು ಹಾಕುತ್ತಾರೆ. ಹುಸೇನಸಾಬ ಮಗನಿಗೆ ಏಳನೆಯ ವಯಸ್ಸಿನಿಂದ ಕಲಿಸಿದ್ದು ಟೇಪ್ ರೆಕಾರ್ಡರಿನ ಮುಂದೆ ಕೂಡಿಸಿ. ಕ್ಯಾಸೆಟ್ ಹಾಕುವುದು, ಕೇಳುವುದು, ಬಾರಿಸುವುದು, ತಪ್ಪಿದರೆ ಕೋಲಿನಿಂದ ಕೈಗೊಂದು ಪೆಟ್ಟು. ಸರಿ ಬಂದರೆ ಹೊಗಳಿಕೆಯೂ ಒಂದೇ ಮಾತಿನದು: "ಥೇಟ್." ಆ ಮಾತು ದಾದಾಪೀರನಿಗೆ ಮೊದಲ ಸಲ ಸಿಕ್ಕಾಗ ಅವನಿಗೆ ಹತ್ತೊಂಬತ್ತು ತುಂಬಿತ್ತು. ಹಿರೇಕೆರೂರಿನ ಒಂದು ಮದುವೆಯಲ್ಲಿ. ಆ ಸಂಭ್ರಮಕ್ಕೆ ಅವನಿಗೆ ಅವತ್ತು ಊಟವೇ ಸೇರಲಿಲ್ಲ.

ಮೂರು ವರ್ಷದ ಹಿಂದೆ ಶಿಗ್ಗಾವಿಯ ಮೆರವಣಿಗೆಯೊಂದರಲ್ಲಿ, ಕೀಬೋರ್ಡ್ ನುಡಿಸುವ ಬಾಬಾಜಾನ ಇವನ ಕೈಗಳನ್ನಷ್ಟೇ ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ. ಕೆಳಗೆ ಊರವರ ಮೆಚ್ಚುಗೆಯ ನಡುವೆ ಒಂದು ಜರ್ಮನ್ ಸಾಲು. ಫೋನಿನಲ್ಲೇ ಕನ್ನಡ ಮಾಡಿಕೊಂಡು ಓದಿದರೆ ಹೀಗಿತ್ತು: "ನಿಮ್ಮ ಎಡಗೈ ಇಷ್ಟು ಹೊತ್ತು ಹೇಗೆ ಓಡುತ್ತದೆ? ನನ್ನದು ಹತ್ತು ನಿಮಿಷಕ್ಕೆ ಸೋಲುತ್ತದೆ." ಬರೆದವನ ಹೆಸರು ಹೆನ್ನಿಂಗ್. ಇಪ್ಪತ್ತರ ಹುಡುಗ, ಜರ್ಮನಿಯ ಒಂದು ಸಣ್ಣ ಊರಿನ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ಮಣಿಕಟ್ಟು ಹೇಗೆ ಸಡಿಲ ಬಿಡಬೇಕು ಎಂಬುದನ್ನು ದಾದಾಪೀರ ವಿಡಿಯೋ ಮಾಡಿ ಕಳಿಸಿದ. ಹದಿನೈದು ದಿನಕ್ಕೆ ಆ ಕಡೆಯಿಂದಲೂ ಒಂದು ವಿಡಿಯೋ ಬಂತು. ಕೈ ಇಪ್ಪತ್ತು ನಿಮಿಷ ಓಡಿತ್ತು. ಅಲ್ಲಿಂದ ಮುಂದೆ ಹೆನ್ನಿಂಗ್ ಇವನನ್ನು "ಉಸ್ತಾದ್" ಎಂದೇ ಕರೆದ.

ಹೆನ್ನಿಂಗ್ ಬಾರಿಸುವ ಸಂಗೀತಕ್ಕೆ ಬ್ಲ್ಯಾಕ್ ಮೆಟಲ್ ಎಂದು ಹೆಸರು. ಗಿಟಾರುಗಳು ಕಲ್ಲು ಬಿದ್ದ ಜೇನುಗೂಡಿನಂತೆ ಗುಂಯ್ ಎನ್ನುತ್ತವೆ, ಹಾಡುವವನು ಗಂಟಲು ಹರಿಯುವ ಹಾಗೆ ಕಿರುಚುತ್ತಾನೆ, ಎಲ್ಲರೂ ಮುಖಕ್ಕೆ ಬಿಳಿ ಬಳಿದು ಕಣ್ಣ ಸುತ್ತ ಮಸಿ ಮೆತ್ತಿಕೊಂಡಿರುತ್ತಾರೆ. ತಹಮೀನಾ ಒಂದೇ ಸಲ ಕೇಳಿದಳು. ಮನೆಯಲ್ಲಿ ಅವರಾಡುವುದು ಉರ್ದು, ಅವಳಂದದ್ದನ್ನು ಸವಣೂರಿನ ಕನ್ನಡಕ್ಕೆ ತಂದರೆ, "ಯಾರಿಗೋ ಹೊಟ್ಟಿ ಕಡ್ಯಾಕತ್ತೈತಿ, ಮೊದಲ ದವಾಖಾನಿಗೆ ಕರಕೊಂಡ ಹೋಗ್ರಿ." ಆದರೆ ದಾದಾಪೀರ ಕಿರುಚಾಟವನ್ನು ಕೇಳುತ್ತಲೇ ಇರಲಿಲ್ಲ. ಅವನ ಕಿವಿ ಇದ್ದದ್ದು ಡ್ರಮ್ಮಿನ ಮೇಲೆ. ಮೂವತ್ತು ವರ್ಷದ ಹಿಂದೆ ನಾರ್ವೆಯ ಕಡೆ ಈ ಸಂಗೀತ ಬೆಳೆಸಿದ ಹಿರಿಯರ ಆಲ್ಬಮ್ಮುಗಳನ್ನು ಹೆನ್ನಿಂಗ್ ಒಂದೊಂದಾಗಿ ಕಳಿಸಿದ, "ಇವರು ನಮ್ಮ ಉಸ್ತಾದರು" ಎಂದು. ದಾದಾಪೀರ ಕ್ಯಾಸೆಟ್ಟಿನ ಹಾಡು ಕಲಿತಂತೆ ಅವನ್ನೂ ಕಲಿತ. ಯಾವ ಹಾಡಿನ ಯಾವ ತಿರುವಿಗೆ ಯಾವ ಏಟು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಹೋದ ವರ್ಷ ಮಾರ್ಚಿನಲ್ಲಿ ಹೆನ್ನಿಂಗ್ ಮತ್ತು ಅವನ ಇಬ್ಬರು ಗೆಳೆಯರ ಮೊದಲ ಆಲ್ಬಮ್ ಹೊರಬಂತು. ಮುಖಪುಟದ ಮೇಲೆ ಹಿಮ ಬಿದ್ದ ಕಾಡು, ಎಲೆಯಿಲ್ಲದ ಮರ, ದೇವರಾಣೆಗೂ ಓದಲು ಬರದ ಅಕ್ಷರ. ಆರು ಹಾಡು, ನಲವತ್ತೆರಡು ನಿಮಿಷ. "ಉಸ್ತಾದ್, ಮೊದಲ ಅಭಿಪ್ರಾಯ ನಿಮ್ಮದೇ ಇರಬೇಕು. ಆಲ್ಬಮ್ಮಿನ ಇಂಟರ್ನೆಟ್ ಪುಟದಲ್ಲೇ ಬರೆಯಿರಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ," ಎಂದು ಹೆನ್ನಿಂಗ್ ಕೇಳಿಕೊಂಡ.

ದಾದಾಪೀರ ಮಳಿಗೆಯ ಬಾಗಿಲು ಅರ್ಧ ಎಳೆದುಕೊಂಡು ಮೂರು ಸಲ ಕೇಳಿದ. ಮೈ ಜುಮ್ಮೆಂದಿತು. ಒಂದು ಏಟು ಹಿಂದಿಲ್ಲ, ಮುಂದಿಲ್ಲ. ಈ ತಿರುವು ಆ ಹಿರಿಯರ ಎರಡನೆಯ ಆಲ್ಬಮ್ಮಿನದು, ಈ ಓಟ ಇನ್ನೊಬ್ಬರದು, ಈ ನಿಲುಗಡೆ ಮತ್ತೊಬ್ಬರದು. ಒಂದೂ ಜಾಗ ಬಿಟ್ಟು ಕದಲಿಲ್ಲ. ತಾನು ಹನ್ನೆರಡು ವರ್ಷ ಪೆಟ್ಟು ತಿಂದು ಕಲಿತದ್ದನ್ನು ಈ ಹುಡುಗ ಪೆಟ್ಟೇ ಇಲ್ಲದೆ ಕಲಿತನಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು. ಫೋನಿಗೆ ಮಾತು ಹೇಳಿ, ಅದು ಜರ್ಮನ್ ಮಾಡಿ ಕೊಟ್ಟದ್ದನ್ನು ಆಲ್ಬಮ್ಮಿನ ಪುಟಕ್ಕೆ ಹಾಕಿದ:

"ನಲವತ್ತೆರಡು ನಿಮಿಷದಲ್ಲಿ ಒಂದು ಏಟೂ ತಪ್ಪಿಲ್ಲ. ಹೊಸದು ಏನೂ ಇಲ್ಲ. ಇವರದೇ ಅನ್ನುವಂಥ ಒಂದಾದರೂ ಏಟು ಇದೆಯೇ ಎಂದು ಹುಡುಕಿದೆ, ಎಲ್ಲಿಯೂ ಸಿಗಲಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಇವರು ಇಲ್ಲವೇ ಇಲ್ಲ, ಹಿರಿಯರೇ ಇದ್ದಾರೆ."

ಮೊದಲ ದಿನ ನಲವತ್ತು ಲೈಕು. ಮೂರನೆಯ ದಿನ ಎರಡು ಸಾವಿರ ದಾಟಿತು. ಸಾಲು ಸಾಲು ನಗುವ ಮುಖಗಳು. ಮದುವೆ ಮನೆಯಲ್ಲಿ ಬದುಕಿದವನಿಗೆ ನಗು ಎಂದರೆ ಸಂತೋಷವೇ. ಇವನೂ ಹಾಗೇ ತಿಳಿದ. ಸವಣೂರಿನ ಹೆಸರಾದ ಕುರುಕಲು ತಿಂಡಿ ಖಾರದ ಪೊಟ್ಟಣ ತರಿಸಿ ಮಳಿಗೆಗೆ ಬಂದವರಿಗೆಲ್ಲ ಹಂಚಿದ. "ಜರ್ಮನಿಯಾಗ ಎರಡ ಸಾವಿರ ಮಂದಿ ನನ್ನ ಮಾತಿಗೆ ಹೂಂ ಅಂದಾರಪಾ" ಎಂದು ಬಸ್ಸಿಗೆ ಕಾದವರಿಗೂ ಫೋನು ತೋರಿಸಿದ. ಹೆನ್ನಿಂಗನಿಂದ ಮಾತ್ರ ಒಂದು ಸಾಲೂ ಬರಲಿಲ್ಲ. ಸಂಭ್ರಮದಲ್ಲಿ ಮೈಮರೆತಿರಬೇಕು ಎಂದುಕೊಂಡ.

ಒಂಬತ್ತನೆಯ ದಿನ ಅಲ್ಲಿನ ಒಂದು ಸಂಗೀತ ಪತ್ರಿಕೆಯಲ್ಲಿ ಆಲ್ಬಮ್ಮಿನ ಬಗ್ಗೆ ಲೇಖನ ಬಂತು. ಅದರ ನಡುವೆ ದಾದಾಪೀರ, ಸವಣೂರು ಎಂದು ಅಚ್ಚಾಗಿತ್ತು. ಫೋನು ಮಾಡಿಕೊಡುವ ಕನ್ನಡ ಕುಂಟುತ್ತದೆ; ಇದನ್ನು ಚಂದದ ಕನ್ನಡದಲ್ಲಿ ಬರೆಸಿ ಫ್ರೇಮ್ ಹಾಕಿಸಿ ಮಳಿಗೆಯಲ್ಲಿ ತೂಗುಹಾಕಬೇಕು ಅಂತ ಅವನ ಆಸೆ. ಹಿಂದಿನ ಓಣಿಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಮೃಣಾಲಿನಿ ಇದ್ದಳು. ಹಾನಗಲ್ಲಿನ ಪಂಡಿತರ ಮನೆಯವಳು, ಧಾರವಾಡದಲ್ಲಿ ಓದುವಾಗ ಎರಡು ವರ್ಷ ಜರ್ಮನ್ ಕಲಿತಿದ್ದಳು. ಲೇಖನದ ಪ್ರಿಂಟು ಹಿಡಿದುಕೊಂಡು ಅವಳ ಮನೆಗೆ ಹೋದ.

"ಕೂಡ್ರಿ ದಾದಾಪೀರ ಅವರ" ಎಂದು ಹೇಳಿ ಮೃಣಾಲಿನಿ ಹಾಳೆ ತೆಗೆದುಕೊಂಡಳು. ಓದುತ್ತ ಓದುತ್ತ ಅವಳ ಮುಖ ಸಣ್ಣದಾಯಿತು. "ಇದನ್ನ ಫ್ರೇಮ್ ಹಾಕಸ್ತೀರೇನು?"

"ಹೂಂರಿ ಟೀಚರ್. ಬಾಗಲಾ ತಗದ ಕೂಡ್ಲೇ ಕಾಣ್ಬೇಕು, ಹಂಗ ಹಾಕಸ್ತೇನಿ."

"ಬ್ಯಾಡ್ರಿ."

"ಯಾಕ್ರಿ?"

ಅವಳು ಓದಿ ಹೇಳಿದಳು. ಹುಡುಗರಿಗೆ ಕೆಲಸ ಬರುತ್ತದೆ, ಆದರೆ ತಮ್ಮದು ಅನ್ನುವುದು ಏನೂ ಇಲ್ಲ ಎಂದು ಪತ್ರಿಕೆ ಬರೆದಿತ್ತು. "ಇದನ್ನು ಹೇಳಲು ನಮಗೆ ಎರಡು ಪುಟ ಬೇಕಾಯಿತು. ಭಾರತದ ಒಬ್ಬ ಮದುವೆ ಬ್ಯಾಂಡಿನವನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದಾನೆ. ಇಷ್ಟು ಹರಿತವಾದ ಚೂರಿ ಈ ವರ್ಷ ನಾವು ಕಂಡಿಲ್ಲ."

"ಚೂರೀನಾ?" ಎಂದ ದಾದಾಪೀರ. "ನಾ ಬೈದಿಲ್ಲರೀ ಟೀಚರ್. ಹೊಗಳೇನಿ. ಫೋನ್ ಏನರ ತಪ್ಪ ಬರದೈತೇನು ನೋಡ್ರಿ."

"ಫೋನು ಒಂದಕ್ಷರ ತಪ್ಪು ಮಾಡಿಲ್ಲ. ನೀವು ಹೇಳಿದ್ದು ನನಗ ತಿಳೀತದರಿ. ನಮ್ಮ ಅಜ್ಜನ ಮುಂದ ಪಾಠ ಒಪ್ಪಸೂವಾಗ ನಾವು ಒಂದು ಶಬ್ದ ನಮ್ಮದು ಸೇರಿಸಿದ್ರ ಅವರು ಪುಸ್ತಕ ಮುಚ್ಚಿ ಎದ್ದು ಹೋಗ್ತಿದ್ರು. ಒಂದಕ್ಷರ ಸ್ವಂತದ್ದಿಲ್ಲ ಅಂದ್ರ ಅದ ನಮಗ ದೊಡ್ಡ ಶಾಭಾಸ್‌ಗಿರಿ. ಆದರ ಅಲ್ಲಿ ಪದ್ಧತಿ ಬ್ಯಾರೆ ಅದ. ನಿಂದು ಅನ್ನೂದು ಏನೂ ಇಲ್ಲ ಅಂದ್ರ ಅಲ್ಲಿ ಅದಕ್ಕಿಂತ ದೊಡ್ಡ ಬೈಗಳ ಇಲ್ಲ. ಆ ಎರಡು ಸಾವಿರ ಮಂದಿ ನಕ್ಕದ್ದು ಆ ಹುಡುಗನ್ನ ನೋಡಿ."

ದಾದಾಪೀರ ಹಾಳೆ ವಾಪಸು ತೆಗೆದುಕೊಂಡು ಮಡಚಿಟ್ಟ. ಟೀಚರ್ ಚಹಾ ತಂದಿಟ್ಟಳು, ಅದು ಆರಿ ಹೋಯಿತು. ಖಾರ ಹಂಚಿದ್ದು ನೆನಪಾಗಿ ಅವನಿಗೆ ತನ್ನ ಮುಖಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ತನ್ನನ್ನು ನಂಬಿ ಬಾಗಿಲು ತೆರೆದಿಟ್ಟವನ ಮನೆಗೆ ಊರನ್ನೇ ಕರೆದುಕೊಂಡು ಹೋಗಿ ನಗಿಸಿಬಿಟ್ಟಿದ್ದ.

ಅಲ್ಲೇ ಕುಳಿತು, ಮೃಣಾಲಿನಿಯ ಎದುರೇ, ಹೆನ್ನಿಂಗನಿಗೆ ಎಲ್ಲ ಹೇಳಿದ. ಕ್ಯಾಸೆಟ್ಟಿನದು, ಕೋಲಿನದು, ಥೇಟ್ ಎಂಬ ಮಾತಿನದು. ಹೊಗಳಿದ್ದೆ ಮಾರಾಯ, ನನ್ನ ಜೀವಮಾನದಲ್ಲಿ ಯಾರನ್ನೂ ಇಷ್ಟು ಹೊಗಳಿಲ್ಲ ಎಂದ. ಟೀಚರ್ ಅದನ್ನು ತಿದ್ದಿ ತೀಡಿ ಕಳಿಸಿದಳು. ಉತ್ತರ ಬಂದದ್ದು ಬುಧವಾರ.

"ಉಸ್ತಾದ್, ನೀವು ಹೊಗಳಿದ್ದು ಎಂದು ನಂಬುತ್ತೇನೆ. ಆದರೆ ನೀವು ಹೇಳಿದ್ದು ನಿಜ. ಆಲ್ಬಮ್ಮನ್ನು ಮತ್ತೆ ಕೇಳಿದೆ, ನನ್ನದು ಒಂದು ಏಟೂ ಸಿಗಲಿಲ್ಲ. ಡ್ರಮ್ ಸೆಟ್ ಮಾರಲು ಇಟ್ಟಿದ್ದೇನೆ. ಶನಿವಾರ ಮಧ್ಯಾಹ್ನ ಒಬ್ಬರು ಬಂದು ಒಯ್ಯುತ್ತಾರೆ. ಅದಕ್ಕೂ ಮೊದಲು ಒಂದು ಕೇಳಲೇ? ನಿಮ್ಮದೇ ಆದ ಏಟು ಯಾವುದು? ಒಂದೇ ಒಂದು ಕಳಿಸಿ. ಅದು ಹೇಗಿರುತ್ತದೆ ಎಂದು ಕೇಳಿ ನೋಡಬೇಕು."

ಓದಿ ದಾದಾಪೀರನಿಗೆ ಹೋದ ಜೀವ ಬಂದ ಹಾಗಾಯಿತು. ಇಷ್ಟೇನಾ? ಒಂದೇನು, ನೂರು ಕಳಿಸುತ್ತೇನೆ. ಅದನ್ನು ಕೇಳಿ ಹುಡುಗ ಡ್ರಮ್ ಉಳಿಸಿಕೊಂಡರೆ ಸಾಕು.

ಗುರುವಾರ ಬೆಳಿಗ್ಗೆ ಡ್ರಮ್ಮಿನ ಮುಂದೆ ಕುಳಿತು ಫೋನು ಚಾಲೂ ಮಾಡಿದ. ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿತು. ಏನು ಬಾರಿಸಬೇಕು? ಒಂದು ಬಾರಿಸಿದ, ಅದು ಬೀಗರ ಮೆರವಣಿಗೆಯಲ್ಲಿ ಮೊದಲು ಬಾರಿಸುವ ಹಾಡಿನದು. ಇನ್ನೊಂದು ಬಾರಿಸಿದ, ಅದು ಹೆನ್ನಿಂಗನೇ ಕಳಿಸಿದ ನಾರ್ವೆಯವರದು. ಸುಮ್ಮನೆ ಕೈ ಬಿಟ್ಟು ಬಾರಿಸಿದ. ಬಾಗಿಲಲ್ಲಿ ನಿಂತ ಬಾಬಾಜಾನ, "ಏ, ಭಾಳ ದಿನಾ ಆತು ಈ ಹಾಡ ಬಾರಸ್ಲಾರ್ದ" ಎಂದು ತಲೆದೂಗಿದ. ಅದೂ ಒಂದು ಹಾಡಿನದೇ. ದಾದಾಪೀರ ಮಧ್ಯಾಹ್ನದ ಊಟದ ಹೊತ್ತಿನವರೆಗೂ ಕುಳಿತ. ಎರಡು ಕೈಯಲ್ಲಿ ಸಾವಿರ ಹಾಡಿದ್ದವು, ಅವನು ಇರಲಿಲ್ಲ. ಮೂವತ್ತೇಳು ವರ್ಷ ಬಾರಿಸಿದ್ದು ಯಾರು ಹಾಗಾದರೆ? ಈ ಪ್ರಶ್ನೆ ತನಗೆ ಒಂದು ದಿನವೂ ಬರಲಿಲ್ಲವಲ್ಲ ಎಂದು ಅವನಿಗೆ ತನ್ನ ಬಗ್ಗೆಯೇ ದಿಗಿಲಾಯಿತು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದವನು ಸೀದಾ ತಂದೆಯ ಮಂಚದ ಹತ್ತಿರ ಹೋಗಿ ಕುಳಿತ. ಹುಸೇನಸಾಬನಿಗೆ ಎಪ್ಪತ್ತೆಂಟು. ಕಿವಿ ಮಂದ, ಮಾತು ಕಡಿಮೆ. ಮಗ ಕಿವಿಯ ಹತ್ತಿರ ಬಾಗಿ ಕೇಳಿದ:

"ಅಬ್ಬಾ, ನಿಮ್ದ ಅಂತ ಒಂದ ಏಟ ಇತ್ತೇನ್ರಿ? ಯಾವ ಹಾಡಿಂದೂ ಅಲ್ಲದ್ದು?"

"ನಂದಾ?" ಮುದುಕ ನಕ್ಕ. "ನಂದೆಲ್ಲಿಂದ ಬರತೈತಿ. ನನ್ನ ಕೈಯಾಗ ಅಂಥಾದ್ದೇನೂ ಇರ್ಲಿಲ್ಲ." ಮಗನ ಎಡಗೈ ನೋಡುತ್ತ ಅಂದ, "ನಿನ್ನ ಕೈಯಾಗ ಇತ್ತು."

"ಏನ್ ಇತ್ರಿ?"

"ಸಣ್ಣಾಂವ ಇದ್ದಾಗ. ಹಾಡು ತಿರಗೂಕಿಂತ ಮುಂಚೆ ನಿನ್ನ ಎಡಗೈ ಒಂದ ಏಟ ತಡಾ ಮಾಡಿ ಹಾಕ್ತಿತ್ತು. ಯಾರೂ ಕಲಿಸಿದ್ದಲ್ಲ, ತಾನ ಬರ್ತಿತ್ತು. ಯಾವ ಹಾಡ ಕೊಟ್ರೂ ಅಲ್ಲಿ ಅದನ್ನ ಹಾಕಾಂವ. ಕುಣಿಯೂ ಮಂದಿ ಮುಗ್ಗರಸ್ತಿದ್ರು. ಅದನ್ನ ನಿನ್ನ ಕೈಯಿಂದ ತಗದ ಹಾಕಾಕ ನನಗ ಎರಡ ವರ್ಷ ಹತ್ತಿತು."

ಅಷ್ಟು ದಿನ ತಿಂದ ಪೆಟ್ಟೆಲ್ಲ ತಪ್ಪಿಗೆ ಬಿದ್ದದ್ದು ಎಂದೇ ದಾದಾಪೀರ ನಂಬಿದ್ದ. ಆ ನಂಬಿಕೆಯ ಮೇಲೆಯೇ ತಂದೆಯನ್ನು ಎಂದೋ ಕ್ಷಮಿಸಿಯೂ ಆಗಿತ್ತು.

"ಅದು ತಪ್ಪಿತ್ತೇನ್ರಿ ಅಬ್ಬಾ?"

"ತಪ್ಪಲ್ಲ. ಚೊಲೋ ಇತ್ತು." ಹುಸೇನಸಾಬ ಗೋಡೆಯ ಕಡೆ ನೋಡಿದ. "ಚೊಲೋ ಇತ್ತಂತನ ನನಗ ಅಂಜಿಕಿ ಬಂತು. ಮದವಿ ಮನಿಯವರಿಗೆ ಅದು ಬ್ಯಾಡಾಗಿತ್ತು. ಅದನ್ನ ಹಿಡಕೊಂಡ ಕುಂತಿದ್ರ ನಿನ್ನ ಯಾವ ಊರಾಗೂ ಕರೀತಿದ್ದಿಲ್ಲ."

ಸಿಟ್ಟು ಬಂತೋ ಅಳು ಬಂತೋ ದಾದಾಪೀರನಿಗೇ ತಿಳಿಯಲಿಲ್ಲ. ಹೇಗಿತ್ತು ಅದು, ಒಮ್ಮೆ ತೋರಿಸಿ ಎಂದ. ಹುಸೇನಸಾಬ ಎರಡು ಬೆರಳಿನಿಂದ ಮಂಚದ ಪಟ್ಟಿಯ ಮೇಲೆ ಬಾರಿಸಿದ. ಮೂವತ್ತೇಳು ವರ್ಷ ಅದನ್ನು ಮರೆಯದೆ ಇಟ್ಟುಕೊಂಡಿದ್ದ ಮುದುಕ. ಮಗ ಕಿವಿಗೊಟ್ಟು ಕೇಳಿದ. ಗುರುತು ಹತ್ತಲಿಲ್ಲ. ಇನ್ನಾರದೋ ಮನೆಯ ಮಗುವಿನದನ್ನು ಕೇಳಿದ ಹಾಗಿತ್ತು.

ಎದ್ದು ಹೋಗಿ ಮಳಿಗೆಯಿಂದ ಸಣ್ಣ ಡ್ರಮ್ಮೊಂದನ್ನು ತಂದ. ಫೋನನ್ನು ಕಿಟಕಿಗೆ ಒರಗಿಸಿ ಚಾಲೂ ಮಾಡಿ, ಮಂಚದ ಮುಂದೆ ನೆಲದ ಮೇಲೆ ಕುಳಿತು ಬಾರಿಸತೊಡಗಿದ. ತಹಮೀನಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಲ್ಲ" ಎಂದ ಹುಸೇನಸಾಬ.

ಮತ್ತೆ ಬಾರಿಸಿದ.

"ಅಲ್ಲಪಾ. ಸರಿ ಬಾರಿಸಿದಿ."

ಮತ್ತೊಮ್ಮೆ. ಇನ್ನೊಮ್ಮೆ. ತಡ ಮಾಡಿ ಬೀಳಬೇಕಾದ ಏಟನ್ನು ಎಡಗೈ ಪ್ರತಿ ಸಲವೂ ಎಳೆದು ತಂದು ತಾಳದ ಮೇಲೆ ಕೂಡಿಸುತ್ತಿತ್ತು. ಬೇಡ ಎಂದರೂ ಕೇಳುತ್ತಿರಲಿಲ್ಲ. ಮುದುಕನಿಗೆ ತಾಳ್ಮೆ ತಪ್ಪಿತು. ಮಂಚದ ಮೇಲೆ ಎದ್ದು ಕುಳಿತು, "ಮತ್ತ ಸರಿ ಬಾರಿಸಿದಿ! ಎಷ್ಟ ಸಲಾ ಹೇಳಲಿ ನಿನಗ? ಸರಿ ಬಾರಸ್ಬ್ಯಾಡ!" ಎಂದು ಕೂಗಿದ. ದಾದಾಪೀರ ಅಳುತ್ತ ಬಾರಿಸಿದ, ಮೂಗು ಒರೆಸಿಕೊಂಡು ಬಾರಿಸಿದ. ಹನ್ನೊಂದು ನಿಮಿಷಕ್ಕೆ ಕೋಲು ಕೆಳಗಿಟ್ಟ. "ಹೋತು ಬಿಡ್ರಿ ಅಬ್ಬಾ. ಅದು ಇನ್ನ ಬರೂದಿಲ್ಲ" ಎಂದ.

ಕಳಿಸಲು ಬೇರೆ ಏನೂ ಇರಲಿಲ್ಲ. ಆ ಹನ್ನೊಂದು ನಿಮಿಷವನ್ನೇ, ಬೈಗುಳ ಅಳು ಸಮೇತ, ಹೆನ್ನಿಂಗನಿಗೆ ಕಳಿಸಿದ. ಜೊತೆಗೆ ಇಷ್ಟೇ ಹೇಳಿದ: "ನನ್ನದು ಅಂತ ಒಂದು ಏಟು ಇತ್ತಂತೆ, ಎಡಗೈಯದು, ತಡವಾಗಿ ಬೀಳುವಂಥದ್ದು. ಅಪ್ಪ ತೆಗೆದುಹಾಕಿದರಂತೆ. ಹುಡುಕಿದೆ, ಸಿಗಲಿಲ್ಲ. ನೀನು ಡ್ರಮ್ ಕೊಡಬೇಡ."

ಶನಿವಾರ ಅವನು ಮನೆ ಬಿಟ್ಟು ಹೋಗಲಿಲ್ಲ. ಅಲ್ಲಿನ ಮಧ್ಯಾಹ್ನ ಎಂದರೆ ನಮಗೆ ಸಂಜೆಯ ಹೊತ್ತು ಎಂದು ಟೀಚರ್ ಹೇಳಿದ್ದಳು. ಐದಾಯಿತು, ಏನೂ ಇಲ್ಲ. ಹುಡುಗನ ಡ್ರಮ್ಮು ಗಾಡಿಗೆ ಏರಿರಬೇಕು ಎಂದುಕೊಂಡು ಕುಳಿತಿದ್ದಾಗ, ಆರಕ್ಕೆ ಹತ್ತು ನಿಮಿಷವಿದ್ದಾಗ ಫೋನು ಟಿಂಗ್ ಎಂದಿತು.

"ಬಂದವರನ್ನು ಬರಿಗೈಯಲ್ಲಿ ಕಳಿಸಿದೆ. ಉಸ್ತಾದ್, ಆರನೆಯ ನಿಮಿಷ ಕೇಳಿ. ನಿಮ್ಮ ತಂದೆ ಕೂಗುತ್ತಿದ್ದಾರೆ, ನೀವು ಅಳುತ್ತಿದ್ದೀರಿ. ಇಬ್ಬರೂ ಗಮನಿಸಿಲ್ಲ. ಅಲ್ಲಿ ಅದು ಇದೆ, ಒಂದೇ ಸಲ. ಇಷ್ಟು ಸಣ್ಣದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ದೊಡ್ಡದನ್ನು ಹುಡುಕುತ್ತಿದ್ದೆ."

ದಾದಾಪೀರ ದನಿ ಪೂರ್ತಿ ಏರಿಸಿ, ಫೋನನ್ನು ತಂದೆಯ ಕಿವಿಗೆ ಹಿಡಿದು ಆರನೆಯ ನಿಮಿಷ ಹಾಕಿದ. ಮೊದಲು ಮುದುಕನ ಕೂಗು, ಅದರ ಕೆಳಗೆ ಇವನ ಬಿಕ್ಕು. ಆ ಬಿಕ್ಕಿಗೆ ಕೈ ತಪ್ಪಿ, ಎಡಗೈಯ ಒಂದು ಏಟು, ಅರೆಗಳಿಗೆ ತಡವಾಗಿ, ಮೆತ್ತಗೆ ಬಿತ್ತು.

ಹುಸೇನಸಾಬ ಮಗನ ಮಣಿಕಟ್ಟು ಹಿಡಿದುಕೊಂಡ. "ಇದ" ಎಂದ. "ಇದ ಅದು."

ಮತ್ತೊಮ್ಮೆ ಹಾಕಿಸಿ ಕೇಳಿದ. ಮೂರನೆಯ ಸಲ ಕೇಳುವಾಗ ಅವನ ಗಡ್ಡ ತೊಯ್ದಿತ್ತು. "ಇನ್ನ ಇದನ್ನ ಯಾರಿಗೂ ತಗಿಯಾಕ ಕೊಡಬ್ಯಾಡ," ಎಂದ, "ನಾ ಹೇಳಿದ್ರೂ ಕೊಡಬ್ಯಾಡ."